ಅಜ್ಜನ ಮನೆ, ಅತ್ತೆ ಮನೆ, ನಡುವೆ ಒಂದು ದೋಣಿ: ಉತ್ತರ ಕನ್ನಡದಲ್ಲಿ ಯಾವ ಹೊಳೆಗೆ ಹೋಗಬೇಕು?

ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಸೇರಿ ದೋಣಿ ಹತ್ತಬೇಕು ಅಂತ ಹೊರಟರೆ, ನಮ್ಮ ಜಿಲ್ಲೆಯಲ್ಲಿ ಮೊದಲು ಎದುರಾಗುವುದು ನೆಂಟರ ಪ್ರಶ್ನೆ. ಶಿರಸಿಯಿಂದ ಘಟ್ಟ ಇಳಿದ ಕೂಡಲೇ ಕುಮಟಾದಲ್ಲಿ ಚಿಕ್ಕಮ್ಮನ ಮನೆ. ಅಲ್ಲಿಗೆ ಹೋಗಿ ಹೊನ್ನಾವರದ ಅತ್ತೆ ಮನೆಗೆ ಹೋಗದಿದ್ದರೆ ಮುಂದಿನ ಮದುವೆಯಲ್ಲಿ ಮಾತು ಕೇಳಬೇಕು. ಕಾರವಾರಕ್ಕೆ ಹೋಗುವುದಾದರೆ ಅಂಕೋಲೆಯ ದೊಡ್ಡಪ್ಪನ ಮನೆ ದಾರಿಯಲ್ಲೇ ಸಿಗುತ್ತದೆ. ಎಲ್ಲ ಕಡೆಯೂ ಒಂದೇ ಮಾತು: "ಇಷ್ಟು ದೂರ ಬಂದು ಉಣ್ಣದೇ ಹೋಗೋದಾ?"

ಹಾಗಾಗಿ ಯಾವ ಹೊಳೆ ಜಾಸ್ತಿ ಚಂದ ಅಂತ ಹೋಲಿಸಿ ಪ್ರಯೋಜನ ಕಡಿಮೆ. ಎಲ್ಲವೂ ಚಂದವೇ. ನಾನು ನೋಡುವುದು ಇಷ್ಟು: ಎರಡು ತಾಸು ತಡವಾಗಿ ಹೋದರೂ ಯಾವ ನೀರು ನಮ್ಮನ್ನು ಹತ್ತಿಸಿಕೊಳ್ಳುತ್ತದೆ? ಯಾವುದು "ನಾಳೆ ಬನ್ನಿ" ಅನ್ನುತ್ತದೆ? ನೆಂಟರ ಮನೆಗಳ ನಡುವೆ ಬೋಟಿಂಗ್ ತೂರಿಸುವವರಿಗೆ ಇದೇ ಮುಖ್ಯ ಲೆಕ್ಕ.

ಜಿಲ್ಲೆಯಲ್ಲಿ ಪಶ್ಚಿಮಕ್ಕೆ ಹರಿದು ಸಮುದ್ರ ಸೇರುವ ದೊಡ್ಡ ಹೊಳೆಗಳು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಭಟ್ಕಳದ ಕಡೆ ವೆಂಕಟಾಪುರ ಹೊಳೆಯೂ ಇದೆ. ಕುಟುಂಬದ ಪ್ರವಾಸಕ್ಕೆ ಅಂತ ನಾನು ಎದುರಿಗಿಟ್ಟುಕೊಂಡದ್ದು ಐದು: ಹೊನ್ನಾವರದ ಶರಾವತಿ, ತದಡಿ–ಅಘನಾಶಿನಿ ತಾರಿ (ಜನರನ್ನು ಹೊಳೆ ದಾಟಿಸುವ ದೋಣಿ), ಕಾರವಾರದ ಕಾಳಿ, ಮುರ್ಡೇಶ್ವರದಿಂದ ನೇತ್ರಾಣಿ, ಮತ್ತು ಘಟ್ಟದ ಮೇಲೆ ಗಣೇಶಗುಡಿಯ ರಾಫ್ಟಿಂಗ್. ಕೊನೆಯ ಎರಡನ್ನು ಬೇಗ ಮುಗಿಸುತ್ತೇನೆ.

ಹೊನ್ನಾವರದ ಶರಾವತಿ

ಅಜ್ಜ-ಅಜ್ಜಿ, ಮಂಡಿನೋವಿನ ಅತ್ತೆ, ಮೂರು ವರ್ಷದ ಮಗು, ಮೊಬೈಲ್ ಬಿಡದ ಕಾಲೇಜು ಹುಡುಗರು, ಎಲ್ಲರೂ ಒಂದೇ ಟೆಂಪೋದಲ್ಲಿದ್ದರೆ ಬೇರೆ ಯೋಚನೆಯೇ ಬೇಡ. ಸೀದಾ ಹೊನ್ನಾವರಕ್ಕೆ ಹೋಗಿ.

ಕಾರಣ ಆ ನೀರಿನ ಸ್ವಭಾವದಲ್ಲಿದೆ. ಶರಾವತಿ ಇಲ್ಲಿ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡುತ್ತದೆ. ನಡುನಡುವೆ ಕುರ್ವೆಗಳು, ಅಂದರೆ ಹೊಳೆಯ ನಡುವಿನ ದ್ವೀಪಗಳು, ಅವುಗಳ ಮೇಲೆ ತೆಂಗಿನ ತೋಟ, ಮನೆಗಳು. ಪ್ರವಾಸಿ ಬೋಟುಗಳು ಅಳಿವೆಯ (ಹೊಳೆ ಸಮುದ್ರ ಸೇರುವ ಬಾಯಿ) ಅಲೆಗಳ ಕಡೆ ಹೋಗದೆ ಹೊಳೆಯ ಒಳಗೇ ಸುತ್ತುತ್ತವೆ. ಮಧ್ಯಾಹ್ನದ ಮೇಲೆ ಸಮುದ್ರದಿಂದ ಗಾಳಿ ಎದ್ದರೂ ಕುರ್ವೆಗಳ ಮರೆಯಲ್ಲಿ ನೀರು ಅಲೆಯಿಲ್ಲದೆ ತಣ್ಣಗಿರುತ್ತದೆ. ಬೋಟಿಗೆ ಮೇಲೆ ಮಾಡು ಇರುತ್ತದೆ, ಒಳಗೆ ಕುರ್ಚಿ ಇರುತ್ತದೆ. ಕೂತು ನೋಡುವುದಷ್ಟೇ ಕೆಲಸ.

ಏಪ್ರಿಲ್-ಮೇ ತಿಂಗಳಲ್ಲಿ ಹೊಳೆ ಬತ್ತಿರುವುದಿಲ್ವಾ ಅಂತ ಬಯಲುಸೀಮೆಯಿಂದ ಬಂದ ನೆಂಟರು ಕೇಳುವುದುಂಟು. ಇಲ್ಲಿ ಆ ಭಯ ಇಲ್ಲ. ಮೇಲೆ ಲಿಂಗನಮಕ್ಕಿ ಇದೆ, ಅದು 1964ರ ಅಣೆಕಟ್ಟು. ಅಲ್ಲಿ ಹಿಡಿದ ಮಳೆನೀರು ಕರೆಂಟು ಮಾಡಿಕೊಂಡು ಗೇರುಸೊಪ್ಪೆ ಅಣೆಕಟ್ಟು ದಾಟಿ ಬೇಸಿಗೆಯಲ್ಲೂ ಕೆಳಗೆ ಬರುತ್ತಿರುತ್ತದೆ. ಇತ್ತ ಸಮುದ್ರದ ಉಬ್ಬರ ದಿನಕ್ಕೆ ಎರಡು ಸಲ ಒಳಗೆ ನುಗ್ಗುತ್ತದೆ. ಹೊಳೆ ತುಂಬಿಕೊಂಡೇ ಇರುತ್ತದೆ.

ನೋಡಲು ಏನಿದೆ? ಮೊದಲು ಸೇತುವೆಗಳು. ಹೆದ್ದಾರಿಯ ಸೇತುವೆ ಒಂದು, ಕೊಂಕಣ ರೈಲಿನದ್ದು ಇನ್ನೊಂದು. ರೈಲಿನ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಕೊಂಕಣ ರೈಲಿನ ಇಡೀ ಹಾದಿಯಲ್ಲಿ ಅಷ್ಟು ಉದ್ದದ್ದು ಇನ್ನೊಂದಿಲ್ಲ. ನೀವು ಬೋಟಿನಲ್ಲಿದ್ದಾಗ ಮೇಲೆ ರೈಲು ಹೋದರೆ ಮಕ್ಕಳಿಗೆ ದುಡ್ಡು ವಸೂಲಿ.

ನಿಜವಾದ ಮಜಾ ಇರುವುದು ಕಾಂಡ್ಲಾ ಕಾಡಿನ ಒಳಗೆ. ಕಾಂಡ್ಲಾ ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡ. ಬೋಟು ಅಗಲದ ನೀರು ಬಿಟ್ಟು ಕಿರಿದಾದ ಕಾಲುವೆಗೆ ತಿರುಗುತ್ತದೆ. ಎರಡೂ ಕಡೆ ಗಿಡ ಬಾಗಿಕೊಂಡಿರುತ್ತದೆ. ಒಮ್ಮೆಲೇ ಬಿಸಿಲು ಕಡಿಮೆ, ಸದ್ದು ಕಡಿಮೆ. ಇಲ್ಲಿ ಬೋಟಿನವರಿಗೆ ಇಂಜಿನ್ ಒಂದು ನಿಮಿಷ ಬಂದ್ ಮಾಡಲು ಹೇಳಿ. ಆಗ ಕೆಸರಿನಿಂದ ಬರುವ ಸಣ್ಣ ಟಪ್-ಟಪ್ ಶಬ್ದ ಕೇಳುತ್ತದೆ. ಏಡಿಗಳು ಬಿಲದ ಬಾಯಲ್ಲಿ ಆಚೀಚೆ ಓಡಾಡುತ್ತಿರುತ್ತವೆ. ಕೆಸರಿನ ಮೇಲೆ ಕುಪ್ಪಳಿಸುವ ಮೀನೂ ಕಾಣಬಹುದು. ಬೇರುಗಳಲ್ಲಿ ಎರಡು ಜಾತಿ ನೋಡಿ: ಕೆಲವು ಗಿಡದ್ದು ಕಾಂಡದಿಂದ ಬಿಲ್ಲಿನ ಹಾಗೆ ಬಾಗಿ ನೀರಿಗಿಳಿದಿರುತ್ತವೆ, ಕೆಲವು ಗಿಡದ್ದು ಕೆಸರಿನಿಂದ ಮೇಲಕ್ಕೆ ಚೂಪಾಗಿ ಎದ್ದು ನಿಂತಿರುತ್ತವೆ. ಕೆಸರಿನಲ್ಲಿ ಗಾಳಿ ಸಿಗದ ಕಾರಣ ಆ ಬೇರುಗಳೇ ಮೇಲೆ ಬಂದು ಉಸಿರಾಡುತ್ತವೆ. ಇನ್ನು ಗಿಡದಿಂದ ಹಸಿರು ನುಗ್ಗೆಕಾಯಿ ತರಹ ಉದ್ದಕ್ಕೆ ಜೋತಾಡುವುದು ಅದರ ಸಸಿ. ಬೀಜ ಮರದ ಮೇಲೇ ಮೊಳೆತು, ಬೆಳೆದು, ಆಮೇಲೆ ಕೆಳಗೆ ಬೀಳುತ್ತದೆ. ನಾಲ್ಕನೇ ಕ್ಲಾಸಿನ ಹುಡುಗಿಗೆ ಇದನ್ನು ತೋರಿಸಿದರೆ ಮುಂದಿನ ಅರ್ಧ ತಾಸು ಅವಳೇ ಉಳಿದವರಿಗೆ ಪಾಠ ಹೇಳುತ್ತಾಳೆ.

ಬೋಟು ಹತ್ತಲು ಹೆದರುವವರು ಎಲ್ಲ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ, ಅಲ್ವಾ? ಅವರಿಗೂ ಇಲ್ಲಿ ದಾರಿ ಇದೆ. ಹೊಳೆಯ ಆಚೆ ಕಾಸರಕೋಡಿನಲ್ಲಿ ಅರಣ್ಯ ಇಲಾಖೆಯವರು ಕಾಂಡ್ಲಾ ಗಿಡಗಳ ನಡುವೆ ಹಲಗೆಯ ಕಾಲುದಾರಿ ಮಾಡಿದ್ದಾರೆ. ಅದೇ ಗಿಡ, ಅದೇ ಬೇರು, ನಡೆದುಕೊಂಡೇ ನೋಡಬಹುದು. ಅಲ್ಲಿಂದ ಮುಂದೆ ಹೋದರೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಗುರುತು) ಮಾನ್ಯತೆ ಸಿಕ್ಕ ಇಕೋ ಬೀಚ್. ಅರ್ಧ ಜನ ಬೋಟಿನಲ್ಲಿ, ಅರ್ಧ ಜನ ದಡದಲ್ಲಿ, ಯಾರಿಗೂ ಬೇಜಾರಿಲ್ಲ.

ಕೊರತೆ ಇಲ್ಲವೆಂದಲ್ಲ. ಶನಿವಾರ-ಭಾನುವಾರ ಜನಜಂಗುಳಿ. ಮದುವೆಗೆ ಮುಂಚಿನ ಫೋಟೋ ತೆಗೆಸುವ ಜೋಡಿಗಳು ಕಾಲುವೆಯ ಬಾಯಿಗೇ ನಿಂತಿರುತ್ತವೆ. ಕೆಲವು ಬೋಟುಗಳಲ್ಲಿ ಸ್ಪೀಕರ್ ಹಚ್ಚಿ ಕಿವಿ ಕಿತ್ತುಹೋಗುವ ಹಾಗೆ ಹಾಡು ಹಾಕುತ್ತಾರೆ. ಹತ್ತುವ ಮೊದಲೇ "ಹಾಡು ಬೇಡ" ಅಂದರೆ ಸಾಕು, ಹಾಕುವುದಿಲ್ಲ. ನೆಂಟರ ಜೊತೆ ಹೋದವರಿಗೆ ಹೇಗೂ ಹಾಡಿನ ಅಗತ್ಯ ಬೀಳುವುದಿಲ್ಲ.

ತಡದ ಲೆಕ್ಕಕ್ಕೆ ಬಂದರೆ ಹೊನ್ನಾವರಕ್ಕೆ ಸಾಟಿ ಇಲ್ಲ. ಅತ್ತೆ ಮನೆಯಲ್ಲಿ ಊಟ ಮಾಡಿ, ಒಂದು ಗಳಿಗೆ ಅಡ್ಡಾಗಿ, ಎಲೆ-ಅಡಿಕೆಯ ಕವಳ ಹಾಕಿಕೊಂಡು ನಾಲ್ಕು ಗಂಟೆಗೆ ಎದ್ದು ಹೋದರೂ ಬೋಟಿಂಗ್ ಆಗುತ್ತದೆ. ಬಿಸಿಲು ಇಳಿದಿರುತ್ತದೆ, ಇನ್ನೂ ಒಳ್ಳೆಯದು.

ತದಡಿಯ ತಾರಿ

ಎರಡನೆಯದು ಬೋಟಿಂಗ್ ಅಂತ ಯಾರೂ ಕರೆಯದ ಬೋಟಿಂಗ್. ಗೋಕರ್ಣದ ಹತ್ತಿರದ ತದಡಿಯಿಂದ ಹೊಳೆಯ ಆಚೆ ದಡದ ಅಘನಾಶಿನಿ ಊರಿಗೆ ತಾರಿ ಇದೆ. ಕೆಲವೇ ನಿಮಿಷದ ದಾರಿ. ಶಾಲೆ ಮಕ್ಕಳು, ಮೀನು ಮಾರುವವರು, ಆಸ್ಪತ್ರೆಗೆ ಹೊರಟವರು, ಬೈಕುಗಳು, ಎಲ್ಲರಿಗೂ ಅದೇ. ಟಿಕೆಟಿನ ದುಡ್ಡು ಚಿಲ್ಲರೆಯಲ್ಲಿ ಮುಗಿಯುತ್ತದೆ.

ಮಕ್ಕಳಿಗೆ ಇದು ಪ್ರವಾಸಿ ಬೋಟಿಗಿಂತ ಹಿಡಿಸುತ್ತದೆ ಅಂತ ನನ್ನ ಅಂದಾಜು, ಯಾಕೆಂದರೆ ಇಲ್ಲಿ ನಿಜವಾದ ಕೆಲಸ ನಡೆಯುತ್ತಿರುತ್ತದೆ. ತದಡಿ ಮೀನುಗಾರಿಕೆ ಬಂದರು. ದಡದಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ, ಬಲೆ ಹೊಲಿಯುವವರು ಕಾಲು ಚಾಚಿ ಕೂತಿರುತ್ತಾರೆ. ತಾರಿ ದಡ ಮುಟ್ಟುವ ಹೊತ್ತಿಗೆ ಬೈಕಿನವರು ಆಗಲೇ ಸ್ಟಾರ್ಟ್ ಮಾಡಿಕೊಂಡು ಒಂದು ಕಾಲು ನೆಲಕ್ಕೆ ಕೊಟ್ಟು ಕಾಯುತ್ತಿರುತ್ತಾರೆ. ಹಗ್ಗ ಬಿಗಿದ ಮರುಕ್ಷಣ ಒಬ್ಬರ ಹಿಂದೆ ಒಬ್ಬರು ಇಳಿದು ಹೋಗುತ್ತಾರೆ, ಬುಟ್ಟಿ ಹೊತ್ತ ಹೆಂಗಸರು ಅವರ ನಡುವೆಯೇ ದಾರಿ ಮಾಡಿಕೊಳ್ಳುತ್ತಾರೆ. ಅರ್ಧ ನಿಮಿಷದಲ್ಲಿ ದೋಣಿ ಖಾಲಿ.

ಇನ್ನೊಂದು ವಿಷಯ. ಇಳಿತದ ಹೊತ್ತಿಗೆ ಹೋದರೆ ಹೊಳೆಯ ನಡುವಿನ ದಿಬ್ಬಗಳಲ್ಲಿ ಜನ ನಿಂತು ಬಳಚು (ಒಂದು ಬಗೆಯ ಚಿಪ್ಪುಮೀನು) ಆರಿಸುವುದು ಕಾಣುತ್ತದೆ. ಅಘನಾಶಿನಿಗೆ ಒಂದೂ ಅಣೆಕಟ್ಟು ಇಲ್ಲ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ತಡೆಯಿಲ್ಲದೆ ಇಲ್ಲಿಯವರೆಗೆ ಬರುತ್ತದೆ. ಸಿಹಿನೀರು ಉಪ್ಪುನೀರು ತನ್ನ ಲೆಕ್ಕದಲ್ಲೇ ಬೆರೆಯುವುದರಿಂದ ಈ ಅಳಿವೆಯಲ್ಲಿ ಚಿಪ್ಪುಮೀನು ಹೇರಳ. ಹೊಳೆಯ ಅಂಚಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತಾರೆ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಶಿರಸಿಯ ಮಕ್ಕಳಿಗೆ ಹೇಳಿ: ನಮ್ಮೂರಲ್ಲಿ ಹಾರಿ ದಾಟುವ ಹಳ್ಳ ಇಲ್ಲಿ ದೋಣಿಯಲ್ಲಿ ದಾಟುವ ಹೊಳೆ.

ಕಾರಿದ್ದವರಿಗೆ ಒಂದು ಉಪಾಯ. ಡ್ರೈವರ್ ಆದವರು ಮಿರ್ಜಾನ್ ಮೇಲೆ ರಸ್ತೆಯಲ್ಲಿ ಸುತ್ತಿ ಬರಲಿ, ಉಳಿದವರು ತದಡಿಯಲ್ಲಿ ಇಳಿದು ತಾರಿಯಲ್ಲಿ ದಾಟಲಿ. ಆಚೆ ದಡದಿಂದ ಕಾಗಾಲ, ಬಾಡ ಮೇಲೆ ಕುಮಟಾಕ್ಕೆ ಹತ್ತಿರ. ದಾಟಿದವರು ಅಘನಾಶಿನಿಯಲ್ಲಿ ಚಾ ಕುಡಿದು ಕಾಯಬೇಕಾಗಬಹುದು, ಯಾಕೆಂದರೆ ರಸ್ತೆ ಸುತ್ತು ಜಾಸ್ತಿ. ಡ್ರೈವರ್ ಯಾರು ಅನ್ನುವ ಜಗಳ ನಿಮ್ಮದು. ನಮ್ಮ ಕಡೆ ಅದು ಹೊಸ ಅಳಿಯನ ಪಾಲಿಗೆ ಬರುತ್ತದೆ.

ಗೋಕರ್ಣದ ಕಡೆಯಿಂದ ಬರುವಾಗ ಸಾಣಿಕಟ್ಟಾದಲ್ಲಿ ಐದು ನಿಮಿಷ ನಿಲ್ಲಿಸಿ. ಬೇಸಿಗೆಯೇ ಉಪ್ಪಿನ ಕಾಲ. ಆಗರಗಳಲ್ಲಿ ಬಿಳಿ ರಾಶಿ ಬಿದ್ದಿರುತ್ತದೆ. ಆಮೇಲೆ ಹೆದ್ದಾರಿಯಲ್ಲಿ ಕುಮಟಾ ಹತ್ತಿರ ಸಿಹಿ ಈರುಳ್ಳಿಯ ಜಡೆ ಕಟ್ಟಿ ತೂಗುಹಾಕಿ ಮಾರುತ್ತಿರುತ್ತಾರೆ. ಚಿಕ್ಕಮ್ಮನ ಮನೆಗೆ ಬರಿಗೈಯಲ್ಲಿ ಹೋಗುವ ಬದಲು ಅದೊಂದು ಜಡೆ ಹಿಡಿದುಕೊಂಡು ಹೋಗಿ ಅನ್ನಬಹುದಿತ್ತು, ಆದರೆ ಕುಮಟಾದವರಿಗೆ ಕುಮಟಾ ಈರುಳ್ಳಿ ಕೊಟ್ಟರೆ ನಗುತ್ತಾರೆ. ಅದನ್ನು ವಾಪಸ್ ಶಿರಸಿಗೆ ಒಯ್ಯಿರಿ. ಇವರಿಗೆ ಶಿರಸಿಯಿಂದ ತೊಡದೇವು ಅನ್ನುವ ಸಿಹಿತಿಂಡಿ ತನ್ನಿ.

ತಾರಿಯ ಕೊರತೆ ಏನೆಂದರೆ ಅದು ಬೇಗ ಮುಗಿದುಹೋಗುತ್ತದೆ. "ಇಷ್ಟೇನಾ?" ಅಂತ ಕೇಳುವವರು ಇರುತ್ತಾರೆ. ಅಂಥವರಿಗಾಗಿ ಸ್ಥಳೀಯ ದೋಣಿಯವರ ಹತ್ತಿರ ಮಾತಾಡಿ ಒಂದು ತಾಸು ಹೊಳೆಯೊಳಗೆ ಸುತ್ತಿಸಬಹುದು. ಅದಕ್ಕೆ ಆ ಊರಿನ ಗುರುತಿನವರು ಬೇಕು, ಅಂದರೆ ಮತ್ತೆ ನೆಂಟರೇ. ಲೈಫ್ ಜಾಕೆಟ್ ಇದ್ದರೆ ಮಾತ್ರ ಹತ್ತಿ. ತಡವಾದರೆ ತಾರಿಗೇನೂ ಬೇಸರವಿಲ್ಲ, ಇದು ತಪ್ಪಿದರೆ ಇನ್ನೊಂದು ಸಲ ಬರುತ್ತದೆ. ಸಂಜೆ ಕೊನೆಯ ತಾರಿ ಎಷ್ಟು ಹೊತ್ತಿಗೆ ಅಂತ ಮಾತ್ರ ದಾಟುವ ಮೊದಲೇ ಕೇಳಿಟ್ಟುಕೊಳ್ಳಿ.

ಕಾರವಾರದ ಕಾಳಿ

ನೋಟಕ್ಕೆ ಹೋದರೆ ಕಾಳಿಯ ಅಳಿವೆಯೇ ಮೇಲು. ಒಂದು ಕಡೆ ಕೋಡಿಬಾಗ, ಇನ್ನೊಂದು ಕಡೆ ಸದಾಶಿವಗಡದ ಗುಡ್ಡ, ಎದುರಿಗೆ ಸಮುದ್ರ, ಅದರಲ್ಲಿ ಕೂರ್ಮಗಡ ದ್ವೀಪ, ದೇವಗಡ ದ್ವೀಪದ ದೀಪಸ್ತಂಭ. ಸದಾಶಿವಗಡದ ಹೆಸರು ಬಂದದ್ದು ಸೋಂದಾ ಅರಸರಿಂದ. ಶಿರಸಿ ಪಕ್ಕದ ಸೋಂದಾ. ಶಿರಸಿಯ ಅಜ್ಜನಿಗೆ ಇಷ್ಟು ಹೇಳಿದರೆ ಸಾಕು, ಗುಡ್ಡ ತನ್ನದೇ ಅನ್ನುವ ಹಾಗೆ ನೋಡುತ್ತಾರೆ.

ನೆಂಟರ ಮನೆಗೆ ಬಂದು ಕಾಳಿಯಲ್ಲಿ ದೋಣಿ ಹತ್ತಿದವರಲ್ಲಿ ರವೀಂದ್ರನಾಥ ಟ್ಯಾಗೋರರೂ ಒಬ್ಬರು. ಅವರ ಅಣ್ಣ ಸತ್ಯೇಂದ್ರನಾಥರು 1880ರ ದಶಕದಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ಬೆಳದಿಂಗಳ ರಾತ್ರಿ ಕಾಳಿಯಲ್ಲಿ ಮೇಲಕ್ಕೆ ದೋಣಿಯಲ್ಲಿ ಹೋದದ್ದನ್ನು ಟ್ಯಾಗೋರರೇ ಆಮೇಲೆ ಬರೆದುಕೊಂಡಿದ್ದಾರೆ. ಕಾರವಾರದ ಕಡಲತೀರಕ್ಕೆ ಅವರ ಹೆಸರು ಇರುವುದು ಹಾಗೆ. ಈಗ ರಾತ್ರಿ ಹೊತ್ತು ಯಾರೂ ನಿಮ್ಮನ್ನು ಕರೆದೊಯ್ಯುವುದಿಲ್ಲ, ಕರೆದರೂ ಹೋಗಬೇಡಿ.

ಇಲ್ಲಿ ಎರಡು ಬೇರೆ ಬೇರೆ ಪ್ರಯಾಣ ಇವೆ, ಅವನ್ನು ಒಂದೇ ಅಂದುಕೊಳ್ಳಬಾರದು. ಹೊಳೆಯ ಒಳಗೆ ಸುತ್ತುವುದು ಒಂದು. ಅದು ಹೊನ್ನಾವರದ ಹಾಗೆಯೇ, ಸ್ವಲ್ಪ ಅಗಲ ಜಾಸ್ತಿ, ಜನ ಕಡಿಮೆ. ಅಳಿವೆ ದಾಟಿ ಕೂರ್ಮಗಡದ ಕಡೆ ಸಮುದ್ರಕ್ಕೆ ಹೋಗುವುದು ಇನ್ನೊಂದು. ಡಾಲ್ಫಿನ್ ನೋಡಲು ಹೋಗುವವರು ಹೋಗುವುದು ಇಲ್ಲಿಗೆ. ಬೆಳಿಗ್ಗೆ ಏಳೂವರೆ-ಎಂಟಕ್ಕೆ ಸಮುದ್ರ ನುಣುಪಾಗಿರುತ್ತದೆ. ಹೊತ್ತು ಏರಿದ ಹಾಗೆ ಪಶ್ಚಿಮದ ಗಾಳಿ ಬಲವಾಗುತ್ತದೆ. ಆಗ ಇಳಿತವೂ ಶುರುವಾದರೆ ಹೊಳೆಯ ನೀರು ಹೊರಗೆ, ಗಾಳಿ ಒಳಗೆ. ಎರಡೂ ಎದುರಾದ ಜಾಗದಲ್ಲಿ ಅಲೆ ಗಿಡ್ಡವಾಗಿ, ಒತ್ತೊತ್ತಾಗಿ ಏಳುತ್ತದೆ. ದೋಣಿ ಕುಕ್ಕುತ್ತದೆ. ಅಜ್ಜಿಯ ಸೊಂಟಕ್ಕೆ ಇದು ಹೇಳಿಸಿದ್ದಲ್ಲ. ಡಾಲ್ಫಿನ್ ಕಂಡೇ ಕಾಣುತ್ತದೆ ಅಂತ ಯಾರಾದರೂ ಖಾತ್ರಿ ಕೊಟ್ಟರೆ ಅವರ ದೋಣಿ ಬಿಟ್ಟು ಪಕ್ಕದವರದ್ದು ಕೇಳಿ.

ಇಲ್ಲಿ ಜನದ ಲೆಕ್ಕ ಬಹಳ ಮುಖ್ಯ. 2019ರ ಜನವರಿಯಲ್ಲಿ ಕೂರ್ಮಗಡದ ನರಸಿಂಹ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಜನ ತೀರಿಕೊಂಡರು. ದೋಣಿಯಲ್ಲಿ ಹಿಡಿಯುವುದಕ್ಕಿಂತ ಜಾಸ್ತಿ ಜನ ಇದ್ದರು. "ಇಬ್ಬರೇ ತಾನೇ, ಅಡ್ಜಸ್ಟ್ ಮಾಡ್ಕೊಳ್ಳಿ" ಎಂಬ ಮಾತು ಬಸ್ಸಿನಲ್ಲಿ ನಡೆಯುತ್ತದೆ, ದೋಣಿಯಲ್ಲಿ ನಡೆಯಬಾರದು. ನೆಂಟರು ಜಾಸ್ತಿಯಾದರೆ ಎರಡು ದೋಣಿ ಮಾಡಿ.

ಕಾಳಿಗೆ ಹೋಗುವುದಾದರೆ ಹಿಂದಿನ ರಾತ್ರಿಯೇ ಕಾರವಾರದ ನೆಂಟರ ಮನೆ ಸೇರಿಕೊಳ್ಳಬೇಕು. ಅಂಕೋಲೆಯಲ್ಲಿ ತಿಂಡಿ ತಿಂದು ಹೊರಟು ಹತ್ತೂವರೆಗೆ ತಲುಪುವ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ಬೆಳಿಗ್ಗೆ ಬರೀ ಚಾ ಕುಡಿದು ದೋಣಿ ಹತ್ತಿ, ಬಂದ ಮೇಲೆ ತಿಂಡಿ ತಿನ್ನಿ. ಬಾರದೆ ಉಳಿದವರು ಟ್ಯಾಗೋರ್ ಬೀಚಿನಲ್ಲಿ ನೌಕಾಪಡೆಯಿಂದ ನಿವೃತ್ತಿಯಾದ ಕ್ಷಿಪಣಿ ದೋಣಿ ಚಪಲ್ ನೋಡಬಹುದು. ಅದು ಈಗ ವಸ್ತುಸಂಗ್ರಹಾಲಯ. ಹೊಳೆ ದಾಟುವಾಗ ಮಕ್ಕಳು ಹಳೆಯ ಸೇತುವೆ ಎಲ್ಲಿ ಅಂತ ಕೇಳುತ್ತಾರೆ. ಅದು 2024ರ ಆಗಸ್ಟ್ 7ರ ರಾತ್ರಿ ಕುಸಿದು ಬಿತ್ತು. ಆಗ ಮೇಲಿದ್ದ ಲಾರಿಯೂ ಹೊಳೆಗೆ ಬಿದ್ದಿತ್ತು, ಚಾಲಕನನ್ನು ಬದುಕಿಸಿದರು.

ನೇತ್ರಾಣಿ ಮತ್ತು ಗಣೇಶಗುಡಿ

ಇವೆರಡೂ ಇಡೀ ಕುಟುಂಬಕ್ಕಲ್ಲ. ನೇತ್ರಾಣಿ ದ್ವೀಪ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ, ಪೂರ್ತಿ ತೆರೆದ ಸಮುದ್ರ. ಹೋಗುವುದು ಸ್ಕೂಬಾ ಡೈವಿಂಗಿಗೆ. ಬೋಟು ಬೆಳಿಗ್ಗೆಯೇ ಹೊರಡುತ್ತದೆ, ಯಾರನ್ನೂ ಕಾಯುವುದಿಲ್ಲ. ನೀರಿಗಿಳಿಯದವರು ಬಿಸಿಲಲ್ಲಿ ತೂಗಾಡುವ ಬೋಟಿನಲ್ಲಿ ಕೂತಿರಬೇಕು, ವಾಂತಿ ಬಂದರೆ ಹಿಂದೆ ತಿರುಗುವ ಮಾತಿಲ್ಲ. ಭಾವ-ಭಾವಮೈದುನರು, ಕಾಲೇಜು ಹುಡುಗ-ಹುಡುಗಿಯರು ಹೋಗಲಿ. ಉಳಿದವರು ಅಷ್ಟರಲ್ಲಿ ದೇವರ ದರ್ಶನ ಮಾಡಿ, ಲಿಫ್ಟಿನಲ್ಲಿ ಗೋಪುರ ಹತ್ತಿ ಬರಲಿ.

ಗಣೇಶಗುಡಿಯ ರಾಫ್ಟಿಂಗೂ ಕಾಳಿಯೇ, ಆದರೆ ಜೋಯಿಡಾ ತಾಲೂಕಿನ ಕಾಡಿನ ಕಾಳಿ. ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟಾಗಲೇ ಅಲ್ಲಿ ಆಟ, ಅದರ ಹೊತ್ತು ನಮ್ಮ ಕೈಲಿಲ್ಲ. ಚಿಕ್ಕ ಮಕ್ಕಳನ್ನು, ವಯಸ್ಸಾದವರನ್ನು ಹತ್ತಿಸುವುದಿಲ್ಲ. ದಾಂಡೇಲಿ ಕಡೆ ನೆಂಟರಿದ್ದರೆ ಅದಕ್ಕೇ ಬೇರೆ ಒಂದು ಪ್ರವಾಸ ಮಾಡಿ. ಕರಾವಳಿಯ ಜೊತೆ ಸೇರಿಸಿದರೆ ಎರಡೂ ಕೆಡುತ್ತವೆ.

ಪಂಚಾಂಗ ನೋಡಿ ಹೊರಡಿ

ಯಾವ ಹೊಳೆಯಾದರೂ ಉಬ್ಬರ-ಇಳಿತದ ಹೊತ್ತು ತಿಳಿದಿರಬೇಕು. ಕಾಂಡ್ಲಾ ಕಾಲುವೆಗೆ ಬೋಟು ನುಗ್ಗುವುದು ನೀರು ಏರಿದಾಗ. ಪೂರ್ತಿ ಇಳಿತದಲ್ಲಿ ಹೋದರೆ ದೂರದಿಂದಲೇ ತೋರಿಸಿ ತಿರುಗಿಸಿಬಿಡುತ್ತಾರೆ, ದುಡ್ಡು ಮಾತ್ರ ಅಷ್ಟೇ. ಬಳಚು ಆರಿಸುವುದನ್ನು ನೋಡಬೇಕಿದ್ದರೆ ಉಲ್ಟಾ, ಇಳಿತಕ್ಕೇ ಹೋಗಬೇಕು.

ಇದಕ್ಕೆ ಮೊಬೈಲಿನಲ್ಲಿ ಹುಡುಕಬಹುದು. ಗೋಡೆಯ ಮೇಲಿನ ಪಂಚಾಂಗವೂ ಆಗುತ್ತದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ-ಅಮಾವಾಸ್ಯೆಗಳ ದಿನ ಉಬ್ಬರ ಹೆಚ್ಚುಕಡಿಮೆ ಮಧ್ಯಾಹ್ನದ ಆಸುಪಾಸಿಗೆ ಬರುತ್ತದೆ, ಇನ್ನೊಂದು ನಡುರಾತ್ರಿಯ ಆಸುಪಾಸಿಗೆ. ಮುಂದೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಉಬ್ಬರ ಮುಂಜಾನೆಗೂ ಸಂಜೆಗೂ ಸರಿದಿರುತ್ತದೆ. ಹಾಗಾಗಿ ಊಟ ಮಾಡಿ ಸಂಜೆ ಶರಾವತಿಗೆ ಹೋಗುವವರಿಗೆ ಅಷ್ಟಮಿಯ ಆಚೀಚೆಯ ದಿನಗಳು ಅನುಕೂಲ. ಹುಣ್ಣಿಮೆಯ ದಿನ ಹೋಗುವುದಾದರೆ ಹನ್ನೊಂದಕ್ಕೇ ಬೋಟು ಹತ್ತಿ, ಊಟಕ್ಕೆ ಆಮೇಲೆ ಹೋಗಿ. ಬೋಟಿನವರಿಗೆ ಫೋನ್ ಮಾಡಿದಾಗ "ಜಾಗ ಇದ್ಯಾ?" ಅಂತ ಕೇಳುವುದಕ್ಕಿಂತ "ಆ ದಿನ ನೀರು ಎಷ್ಟು ಹೊತ್ತಿಗೆ ಏರತ್ತೆ?" ಅಂತ ಕೇಳಿ ನೋಡಿ. ನೀವು ಸುಮ್ನೆ ಬಂದವರಲ್ಲ ಅಂತ ಅವರಿಗೂ ಗೊತ್ತಾಗುತ್ತದೆ.

ನೆಂಟರನ್ನು ಎಲ್ಲಿ ಕೂರಿಸುವುದು

ನನ್ನ ಸಲಹೆ: ಒಂದು ದಿನಕ್ಕೆ ಒಂದೇ ಮನೆಯಲ್ಲಿ ಊಟ. ಉಳಿದ ಮನೆಗಳಿಗೆ ಬರೀ ಆಸ್ರಿಗೆ, ಅಂದರೆ ಬಾಯಾರಿಕೆಗೆ ಏನಾದರೂ ಕುಡಿಯಲು. ಇದನ್ನು ಹೊರಡುವ ಮೊದಲೇ ಫೋನಿನಲ್ಲಿ ಹೇಳಬೇಕು, ಬಾಗಿಲಲ್ಲಿ ನಿಂತು ಹೇಳಿದರೆ ನಡೆಯುವುದಿಲ್ಲ. ಆಸ್ರಿಗೆ ಅಂದರೂ ಮುರುಗಲ (ಕೋಕಂ) ಪಾನಕದ ಹಿಂದೆ ಹಲಸಿನ ಹಪ್ಪಳ, ಅದರ ಹಿಂದೆ ಮಾವಿನಹಣ್ಣು ಬರುತ್ತದೆ. ಅಂಕೋಲೆಯಲ್ಲಾದರೆ ಕರಿ ಇಶಾಡ ಮಾವು, ಬೇಡ ಅನ್ನಲು ಯಾರಿಂದಲೂ ಆಗದು. ಆದ್ದರಿಂದ ಆಸ್ರಿಗೆಗೂ ಒಂದು ತಾಸು ಹಿಡಿಯಿರಿ. ಊಟದ ಪಂಕ್ತಿಯಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆ, ಅಘನಾಶಿನಿ ನದಿ ತಿರುವು ಯೋಜನೆ, ಬಂದರು ಅಂತ ಮಾತು ಎದ್ದರೆ ಇನ್ನೊಂದು ತಾಸು ಸೇರಿಸಿ. ಅದು ಬೇಡದ ಮಾತೂ ಅಲ್ಲ. ನೀವು ದೋಣಿ ಹತ್ತುವ ಹೊಳೆಯ ಮಾತೇ ಅದು.

ಶಿರಸಿಯಿಂದ ಒಂದೇ ದಿನದಲ್ಲಿ ಹೋಗಿ ಬರುವುದಾದರೆ ತಾರಿ ಮತ್ತು ಕುಮಟಾದ ಊಟ. ದೇವಿಮನೆ ಘಟ್ಟ ರಸ್ತೆ ಕೆಲಸಕ್ಕೆ, ಕುಸಿತಕ್ಕೆ ಅಂತ ಆಗಾಗ ಬಂದ್ ಆಗುವುದುಂಟು, ಹಿಂದಿನ ದಿನ ವಿಚಾರಿಸಿ. ಎರಡು ದಿನ ಇದ್ದರೆ ಮೊದಲ ದಿನ ತಾರಿ ದಾಟಿ ಕುಮಟಾದಲ್ಲಿ ಊಟ, ರಾತ್ರಿ ಹೊನ್ನಾವರದಲ್ಲಿ ಉಳಿಯುವುದು, ಎರಡನೇ ದಿನ ಶರಾವತಿ. ವಾಪಸ್ ಗೇರುಸೊಪ್ಪೆ, ಮಾವಿನಗುಂಡಿ, ಸಿದ್ದಾಪುರ ಮೇಲೆ ಹತ್ತಿದರೆ ಬಂದ ದಾರಿಯಲ್ಲೇ ಹೋಗಬೇಕಿಲ್ಲ. ಕಾರವಾರವನ್ನು ಮೂರನೇ ದಿನ ಇದ್ದವರು ಮಾತ್ರ ಸೇರಿಸಿ. ಹೊನ್ನಾವರದಿಂದ ಕಾರವಾರಕ್ಕೆ ಸುಮಾರು 90 ಕಿಲೋಮೀಟರ್, ನಡುವೆ ಎಷ್ಟು ಮನೆಗಳಿವೆ ಅಂತ ನಿಮಗೇ ಗೊತ್ತು. ವಯಸ್ಸಾದವರನ್ನು ರೈಲಿನಲ್ಲಿ ಕಳಿಸುವುದೂ ಒಳ್ಳೆಯದೇ. ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ ಎಲ್ಲ ಕಡೆ ನಿಲ್ದಾಣ ಇದೆ, ರೈಲಿನಲ್ಲಿ ಹೋದವರನ್ನು ದಾರಿಯಲ್ಲಿ ಯಾರೂ ಊಟಕ್ಕೆ ಇಳಿಸಿಕೊಳ್ಳುವುದಿಲ್ಲ.

ಹತ್ತುವ ಮೊದಲು

ದರ ಜನಕ್ಕಾ, ಬೋಟಿಗಾ, ಎಷ್ಟು ಹೊತ್ತಿಗೆ, ಎಲ್ಲಿಯವರೆಗೆ, ಇಷ್ಟನ್ನೂ ದಡದಲ್ಲೇ ಮಾತಾಡಿ. ದೊಡ್ಡ ಗುಂಪಿಗೆ ಇಡೀ ಬೋಟು ಹಿಡಿಯುವುದೇ ವಾಸಿ. ಪಾಯಖಾನೆ ಕೆಲಸ ನೆಂಟರ ಮನೆಯಲ್ಲೇ ಮುಗಿಸಿ ಬನ್ನಿ.

ಲೈಫ್ ಜಾಕೆಟ್ಟಿನ ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳಬೇಡಿ. ಮಕ್ಕಳಿಗೆ ಮಕ್ಕಳ ಅಳತೆಯದ್ದೇ ಬೇಕು. ಹಾಕಿ ಬಕಲ್ ಬಿಗಿದ ಮೇಲೆ ಭುಜದ ಹತ್ತಿರ ಎರಡೂ ಕಡೆ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಕಿವಿಯವರೆಗೆ ಜಾರಿ ಬಂದರೆ ಅದು ದೊಡ್ಡದು. ನೀರಿಗೆ ಬಿದ್ದರೆ ಜಾಕೆಟ್ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ. ಕಾಲ ನಡುವೆ ಹಾಯುವ ಪಟ್ಟಿ ಇದ್ದರೆ ಅದನ್ನೂ ಹಾಕಿ. ಸೀರೆ ಉಟ್ಟವರು ಜಾಕೆಟ್ಟಿನ ಮೇಲೆ ಸೆರಗು ಹೊದೆಯಬೇಡಿ, ಸೆರಗು ಒಳಗಿರಲಿ. ಫೋಟೋಗೆ ಅಂತ ಎಲ್ಲರೂ ಒಂದೇ ಬದಿಗೆ ಓಡುವುದು ಬೇಡ.

ಕಾಲದ ಮಾತು ಹೇಳುವುದಾದರೆ ಏಪ್ರಿಲ್ ಮತ್ತು ಮೇ ಮೊದಲ ಎರಡು ವಾರ ಒಳ್ಳೆಯದು. ಆಮೇಲೆ ಸಂಜೆಯ ಹೊತ್ತು ಗುಡುಗು, ಗಾಳಿ ಶುರು. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವುದೂ ಇದೇ ದಿನಗಳಲ್ಲಿ. 2021ರ ಮೇ ತಿಂಗಳ ನಡುವೆ ತೌಕ್ತೆ ಬಂದು ನಮ್ಮ ಕರಾವಳಿಯನ್ನು ಹೇಗೆ ಬಡಿಯಿತು ಅಂತ ಮರೆಯುವ ಹಾಗಿಲ್ಲ. ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಟ್ಟ ದಿನ ಕಾಳಿಯ ಅಳಿವೆ, ನೇತ್ರಾಣಿ ಎರಡನ್ನೂ ಬಿಡಿ. ಅಂಥ ದಿನ ಮಿರ್ಜಾನ್ ಕೋಟೆ ನೋಡಿ, ಚಿಕ್ಕಮ್ಮನ ಮನೆಯಲ್ಲಿ ಇನ್ನೊಂದು ಊಟ ಮಾಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯೇ ಬಂದ್, ಮಳೆಗಾಲಕ್ಕೆ ಪ್ರವಾಸಿ ಬೋಟುಗಳೂ ದಡ ಸೇರುತ್ತವೆ. ಮೇ ಕೊನೆಯ ವಾರಕ್ಕೆ ರಜೆ ಸಿಕ್ಕವರು ಬುಕ್ ಮಾಡುವಾಗಲೇ, ಮಳೆ ಬಂದರೆ ಮುಂಗಡ ವಾಪಸ್ ಕೊಡ್ತೀರಾ ಅಂತ ಕೇಳಿಕೊಳ್ಳಿ.